ಬೇಯದ ಬೇಳೆ: ಶಹಾಬಾದ್ ದಾರಿಯ ಒಂದು ಖಾನಾವಳಿಯ ಪ್ರಕರಣ

ಜೂನ್ ಮೊದಲ ವಾರ. ಕಾಲೇಜು ಆಗಷ್ಟೇ ಶುರುವಾಗಿತ್ತು, ಮಳೆ ಇನ್ನೂ ಬಂದಿರಲಿಲ್ಲ. ಕಲಬುರಗಿಯಿಂದ ಶಹಾಬಾದ್ ಕಡೆ ಹೋಗುವ ರಸ್ತೆಯಲ್ಲಿ ನಾನು ದಿನಾ ಊಟ ಮಾಡುವ ಒಂದು ಚಿಕ್ಕ ಖಾನಾವಳಿ ಇದೆ. ಅಂದು ತಟ್ಟೆಯಲ್ಲಿ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಉಳ್ಳಾಗಡ್ಡಿ, ಜೊತೆಗೆ ಪುಂಡಿ ಪಲ್ಯ ಅನ್ನುವ ಹುಳಿ ಸೊಪ್ಪು ಹಾಕಿ ಬೇಯಿಸಿದ ಬೇಳೆ. ರೊಟ್ಟಿ ಮೆತ್ತಗೆ ಇತ್ತು. ಬೇಳೆ ಮಾತ್ರ ಹಲ್ಲಿಗೆ ಕಟಕ್ ಅಂತ ಸಿಗುತ್ತಿತ್ತು.

ನಾನು ಏನೂ ಹೇಳುವ ಮೊದಲೇ ಖಾನಾವಳಿ ನಡೆಸುವ ಅಕ್ಕ ಬಂದು ನಿಂತರು. "ಇವತ್ತೂ ಬ್ಯಾಳಿ ಬೆಂದಿಲ್ರಿ ಸರ್. ಹದಿನೈದು ದಿನ ಆಯ್ತು, ಹಿಂಗೇ ಆಗ್ಯದ. ಅಂಗಡಿಯವ ಹಳೇ ಮಾಲು ಕೊಟ್ಟಾನ."

ಒಳಗಿನಿಂದ ಅವರ ಅತ್ತೆಯ ದನಿ ಬಂತು: "ಅಂಗಡಿಯವನ್ನ ಯಾಕ ಅಂತಿ? ಹುಡುಗಿ ಉರಿ ಸಣ್ಣ ಇಟ್ಟಿರ್ತಾಳ."

ಹುಡುಗಿ ಅಂದರೆ ಅಡುಗೆಗೆ ಕೈ ಹಚ್ಚಲು ಬರುವ ಹತ್ತೊಂಬತ್ತು ವರ್ಷದವಳು. ಅವಳು ಒಲೆಯ ಹತ್ತಿರ ತಲೆ ತಗ್ಗಿಸಿ ನಿಂತಿದ್ದಳು. ಅದನ್ನು ನೋಡಿಯೇ ನನಗೆ ಇದನ್ನು ಬಿಡಬಾರದು ಅನ್ನಿಸಿತು. ನಾನು ಪಿಯುಸಿ ಮಕ್ಕಳಿಗೆ ಜೀವಶಾಸ್ತ್ರ ಕಲಿಸುತ್ತೇನೆ. ಬೇಳೆ ಬೇಯುವುದು ಅಂದರೆ ಏನು ಅನ್ನುವುದು ನನ್ನ ಪಾಠದ ಒಳಗಿನ ಪ್ರಶ್ನೆಯೇ. ಆದರೂ ಅದುವರೆಗೆ ಒಮ್ಮೆಯೂ ಆ ರೀತಿ ಕೇಳಿಕೊಂಡಿರಲಿಲ್ಲ.

ಮೊದಲು ಕೂತು ಕೇಳಿದೆ. ಈ ಹದಿನೈದು ದಿನದಲ್ಲಿ ಅಡುಗೆಮನೆಯಲ್ಲಿ ಏನೇನು ಬದಲಾಗಿದೆ? ಕುಕ್ಕರ್ ಅದೇ. ಒಲೆ ಅದೇ. ಸೀಟಿ ಮೊದಲು ನಾಲ್ಕು, ಈಗ ಎಂಟು. ಹನ್ನೆರಡು ದಿನ ಬರುತ್ತಿದ್ದ ಗ್ಯಾಸ್ ಸಿಲಿಂಡರ್ ಒಂಬತ್ತು ದಿನಕ್ಕೇ ಮುಗಿದಿತ್ತು. ಉರಿ ಸಣ್ಣ ಇಟ್ಟಿದ್ದರೆ ಗ್ಯಾಸ್ ಉಳಿಯಬೇಕಿತ್ತು ಅಲ್ವಾ? ಅಲ್ಲಿಗೆ ಹುಡುಗಿಯ ಮೇಲಿನ ಆರೋಪ ಬಿತ್ತು. ಅದನ್ನು ಅಲ್ಲೇ, ಎಲ್ಲರ ಎದುರು ಹೇಳಿದೆ.

ಉಳಿದದ್ದು ಎರಡು ಬದಲಾವಣೆ. ಬೇಳೆಯ ಹೊಸ ಚೀಲ ಒಡೆದಿದ್ದರು. ಅದೇ ವಾರ ನಲ್ಲಿ ನೀರು ಕಡಿಮೆಯಾಗಿ, ಹಿತ್ತಲಿನ ಬೋರಿನ ನೀರಿನಲ್ಲೇ ಅಡುಗೆ ಶುರು ಮಾಡಿದ್ದರು. ಎರಡೂ ಒಟ್ಟಿಗೇ ಆದದ್ದರಿಂದ ಯಾವುದು ಕಾರಣ ಅಂತ ಗೊತ್ತಾಗುತ್ತಿರಲಿಲ್ಲ.

ಅಂಗಡಿಯವರನ್ನೂ ಕೇಳಿದೆ. ಅವರು ಮುಚ್ಚಿಡಲಿಲ್ಲ. ಆ ಬೇಳೆ ಈ ಸಲದ ಸುಗ್ಗಿಯದ್ದಲ್ಲ. ನಮ್ಮ ಕಡೆ ತೊಗರಿ ಬಿತ್ತುವುದು ಜೂನ್, ಜುಲೈನಲ್ಲಿ. ಕೊಯ್ಲು ಡಿಸೆಂಬರ್, ಜನವರಿಗೆ. ಈ ಮಾಲು ಹಿಂದಿನ ವರ್ಷದ್ದು. ತಗಡಿನ ಗೋದಾಮಿನಲ್ಲಿ ಒಂದು ಪೂರ್ತಿ ಬೇಸಿಗೆ, ಒಂದು ಪೂರ್ತಿ ಮಳೆಗಾಲ ಕಳೆದಿದೆ. ಹುಳ ಹಿಡಿದಿಲ್ಲ, ವಾಸನೆ ಇಲ್ಲ, ಬಣ್ಣ ಸ್ವಲ್ಪ ಮಂಕು ಅಷ್ಟೇ. ಅವರ ಹತ್ತಿರ ಹೊಸ ಸುಗ್ಗಿಯ ಬೇಳೆಯೂ ಇತ್ತು. ಒಂದು ಕಿಲೋ ಕೊಂಡೆ.

ಒಂದು ಕುಕ್ಕರ್, ನಾಲ್ಕು ಡಬ್ಬಿ

ಭಾನುವಾರ ಸಂಜೆ ಖಾನಾವಳಿಗೆ ರಜೆ. ದೊಡ್ಡ ಕುಕ್ಕರಿನಲ್ಲಿ ನಾಲ್ಕು ಸ್ಟೀಲ್ ಡಬ್ಬಿ ಇಟ್ಟೆವು. ಒಂದರಲ್ಲಿ ಹೊಸ ಬೇಳೆ, ನಲ್ಲಿ ನೀರು. ಇನ್ನೊಂದರಲ್ಲಿ ಹೊಸ ಬೇಳೆ, ಬೋರಿನ ನೀರು. ಹಳೇ ಬೇಳೆಗೂ ಹಾಗೆಯೇ ಎರಡು ಡಬ್ಬಿ. ಎಲ್ಲದರಲ್ಲೂ ಒಂದೇ ಅಳತೆಯ ಬೇಳೆ, ಒಂದೇ ಅಳತೆಯ ನೀರು. ಉಪ್ಪು, ಅರಿಶಿಣ, ಎಣ್ಣೆ ಏನೂ ಇಲ್ಲ. ಒಂದೇ ಕುಕ್ಕರ್ ಆದ್ದರಿಂದ ಉರಿಯೂ ಒಂದೇ, ಸಮಯವೂ ಒಂದೇ.

ನಾಲ್ಕು ಸೀಟಿ. ಆರಿದ ಮೇಲೆ ಪ್ರತಿ ಡಬ್ಬಿಯಿಂದ ಇಪ್ಪತ್ತು ಕಾಳು ತೆಗೆದು, ಹೆಬ್ಬೆರಳು ತೋರುಬೆರಳ ನಡುವೆ ಒತ್ತಿ ನೋಡಿದೆವು. ಒತ್ತಿದ್ದು ಆ ಹುಡುಗಿ. ಯಾವ ಡಬ್ಬಿ ಯಾವುದು ಅಂತ ಅವಳಿಗೆ ಹೇಳಿರಲಿಲ್ಲ.

ಹೊಸ ಬೇಳೆ, ನಲ್ಲಿ ನೀರು: ಇಪ್ಪತ್ತಕ್ಕೆ ಇಪ್ಪತ್ತೂ ಬೆಣ್ಣೆಯಂತೆ ಜಾರಿದವು. ಹಳೇ ಬೇಳೆ, ನಲ್ಲಿ ನೀರು: ಹದಿನಾಲ್ಕು. ಹೊಸ ಬೇಳೆ, ಬೋರಿನ ನೀರು: ಹನ್ನೊಂದು. ಹಳೇ ಬೇಳೆ, ಬೋರಿನ ನೀರು: ಮೂರು.

ಒಂದು ಸಂಜೆಯ ನಾಲ್ಕು ಡಬ್ಬಿಯಿಂದ ಜಗತ್ತಿಗೆ ನಿಯಮ ಹೇಳಲು ಬರುವುದಿಲ್ಲ. ಆದರೆ ಈ ಅಡುಗೆಮನೆಯ ಮಟ್ಟಿಗೆ ಸಂಗತಿ ತಿಳಿಯಿತು. ಇಲ್ಲಿ ಇಬ್ಬರು ತಪ್ಪಿತಸ್ಥರಿದ್ದಾರೆ. ನೀರಿನ ಪಾಲು ಸ್ವಲ್ಪ ಜಾಸ್ತಿ, ಹಳೇ ಬೇಳೆಯ ಪಾಲು ಸ್ವಲ್ಪ ಕಡಿಮೆ. ಇಬ್ಬರೂ ಸೇರಿದರೆ ಎಂಟು ಸೀಟಿಗೂ ಬಗ್ಗುವುದಿಲ್ಲ.

ಮರುದಿನ ಕಾಲೇಜಿನಲ್ಲಿ ಸಾಬೂನಿನ ಪರೀಕ್ಷೆ ಮಾಡಿದೆವು. ಎರಡು ಬಾಟಲಿಯಲ್ಲಿ ಒಂದೇ ಅಳತೆಯ ನೀರು. ಸಾಬೂನು ಕರಗಿಸಿದ ನೀರನ್ನು ಹನಿ ಹನಿ ಹಾಕಿ ಕುಲುಕುವುದು. ನೊರೆ ನಿಲ್ಲುವವರೆಗೆ ಎಷ್ಟು ಹನಿ ಬೇಕು ಅಂತ ಎಣಿಸುವುದು. ನಲ್ಲಿ ನೀರಿಗೆ ಒಂಬತ್ತು ಹನಿ ಸಾಕಾಯಿತು. ಬೋರಿನ ನೀರಿಗೆ ಮೂವತ್ತೊಂದು ಬೇಕಾಯಿತು, ಮೇಲೆ ಬಿಳಿ ಕೆನೆಯೂ ಕಟ್ಟಿತು. ಸಾಬೂನು ಅಂದರೆ ಕೊಬ್ಬಿನ ಆಮ್ಲದ ಸೋಡಿಯಂ ಲವಣ. ನೀರಿನಲ್ಲಿ ಕ್ಯಾಲ್ಸಿಯಂ ಇದ್ದರೆ ಸೋಡಿಯಂ ಜಾಗಕ್ಕೆ ಅದು ಬಂದು ಕೂರುತ್ತದೆ. ಆಗ ಸಾಬೂನು ಕರಗದ ಕೆನೆಯಾಗುತ್ತದೆ. ಇದನ್ನು ನೆನಪಿಡಿ. ಬೇಳೆಯ ಒಳಗೂ ಕ್ಯಾಲ್ಸಿಯಂ ಹೀಗೇ ಸೋಡಿಯಂ ಜೊತೆ ಜಾಗಕ್ಕೆ ಪೈಪೋಟಿ ನಡೆಸುತ್ತದೆ.

ಆ ಕ್ಯಾಲ್ಸಿಯಂ ಎಲ್ಲಿಂದ ಬಂತು ಅಂತ ಮಕ್ಕಳು ಕೇಳಿದರು. ನಾನು ನೆಲ ತೋರಿಸಿದೆ. ನಮ್ಮ ಕ್ಲಾಸಿನ ನೆಲಕ್ಕೆ ಹಾಸಿರುವುದು ಶಹಾಬಾದ್ ಕಲ್ಲು. ಅದು ಸುಣ್ಣದ ಕಲ್ಲು. ಶಹಾಬಾದ್, ವಾಡಿ, ಸೇಡಂ ಸುತ್ತ ನೆಲದಡಿ ಹಾಸು ಹಾಸಾಗಿ ಇರುವುದು ಇದೇ. ಸಿಮೆಂಟ್ ಕಾರ್ಖಾನೆಗಳು ಇಲ್ಲಿಗೆ ಬಂದದ್ದೂ ಇದಕ್ಕಾಗಿಯೇ. ಮಳೆ ನೀರು ಗಾಳಿಯಿಂದ, ಮಣ್ಣಿನಿಂದ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಸ್ವಲ್ಪ ಆಮ್ಲವಾಗುತ್ತದೆ. ಕೆಳಗಿಳಿಯುತ್ತಾ ಈ ಕಲ್ಲನ್ನು ಚೂರು ಚೂರೇ ಕರಗಿಸುತ್ತದೆ. ಬೋರಿನಿಂದ ಮೇಲೆ ಬರುವುದು ಆ ಕರಗಿದ ಕಲ್ಲು. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಒಟ್ಟು ಗಡಸುತನ, ಅಂದರೆ ನೀರಿನಲ್ಲಿ ಕರಗಿದ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳ ಪ್ರಮಾಣ, ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರಿಲ್ಲದ ಕಡೆ 600ರವರೆಗೆ ಆಗಬಹುದು ಎಂದಿದೆ. ಅಂದರೆ ಗಡಸು ನೀರು ಕುಡಿದ ಕೂಡಲೇ ಏನೂ ಆಗುವುದಿಲ್ಲ. ಅದು ಕಾಡುವುದು ಒಲೆಯ ಮೇಲೆ.

ಬೇಯುವುದು ಅಂದರೆ ಏನು?

ಇಲ್ಲಿ ನಾನು ಸ್ವಲ್ಪ ನಿಲ್ಲುತ್ತೇನೆ. ನನ್ನ ಪ್ರಕಾರ ಇಡೀ ಪ್ರಕರಣದ ಜೀವ ಇರುವುದು ಇಲ್ಲೇ.

ಬೇಳೆ ಬೇಯುವುದು ಅಂದರೆ ಅದರ ಪಿಷ್ಟ ಬೇಯುವುದು ಅಂತ ಬಹಳ ಜನ ಅಂದುಕೊಂಡಿದ್ದಾರೆ. ನನ್ನ ವಿದ್ಯಾರ್ಥಿಗಳೂ ಹಾಗೇ ಅಂದರು. ಹಾಗಾಗಿ ಬೆಂದ ಬೇಳೆ, ಬೇಯದ ಬೇಳೆ ಎರಡನ್ನೂ ಕಾಲೇಜಿಗೆ ತಂದು, ಒಂದೊಂದು ಚೂರು ಗಾಜಿನ ಪಟ್ಟಿಯ ಮೇಲೆ ಇಟ್ಟು, ಒಂದು ಹನಿ ಅಯೋಡಿನ್ ಹಾಕಿ, ಮೆಲ್ಲಗೆ ಒತ್ತಿ ಸೂಕ್ಷ್ಮದರ್ಶಕದಲ್ಲಿ ನೋಡಿದೆವು.

ಬೆಂದ ಬೇಳೆಯಲ್ಲಿ ಜೀವಕೋಶಗಳು ಬಿಡಿ ಬಿಡಿಯಾಗಿ ತೇಲುತ್ತಿದ್ದವು. ಒಂದೊಂದೂ ದುಂಡಗೆ, ಪೂರ್ತಿಯಾಗಿ, ಒಡೆಯದೆ. ಪ್ರತಿಯೊಂದರ ಒಳಗೂ ಕಡು ನೀಲಿ ಪಿಷ್ಟ ತುಂಬಿತ್ತು. ಬೇಯದ ಬೇಳೆಯಲ್ಲಿ ಅದೇ ಜೀವಕೋಶಗಳು ಇಟ್ಟಿಗೆ ಕಟ್ಟಿದಂತೆ ಒಂದಕ್ಕೊಂದು ಅಂಟಿ, ಗಡ್ಡೆ ಗಡ್ಡೆಯಾಗಿ ಕೂತಿದ್ದವು. ಒಳಗೆ ಪಿಷ್ಟ ಅಲ್ಲಿಯೂ ಉಬ್ಬಿತ್ತು, ಅಲ್ಲಿಯೂ ನೀಲಿಯೇ. ವ್ಯತ್ಯಾಸ ಇದ್ದದ್ದು ಜೀವಕೋಶದ ಒಳಗಲ್ಲ. ಜೀವಕೋಶಗಳ ನಡುವೆ.

ಹುಡುಗಿಯನ್ನೂ ಅಂದು ಕಾಲೇಜಿಗೆ ಕರೆದಿದ್ದೆ. ಅವಳು ಬಹಳ ಹೊತ್ತು ಕಣ್ಣಿಟ್ಟು ನೋಡಿ, "ಚೀಲದಾಗ ತುಂಬಿ ಇಟ್ಟಂಗ ಅದಾವ್ರಿ" ಅಂದಳು. ಪಾಠಪುಸ್ತಕಕ್ಕಿಂತ ಚೆನ್ನಾಗಿ ಹೇಳಿದಳು.

ತೊಗರಿಯ ಬೇಳೆ ಅಂದರೆ ಬೀಜದೊಳಗಿನ ಎರಡು ದಳ. ಮೊಳೆಯುವ ಸಸಿಗೆ ತಾಯಿ ಗಿಡ ಕಟ್ಟಿಕೊಟ್ಟ ಬುತ್ತಿ ಅದು. ಅದರ ಒಂದೊಂದು ಜೀವಕೋಶ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು, ಇಲ್ಲವೇ ಅದಕ್ಕಿಂತ ಸಣ್ಣದು. ಒಳಗೆ ಪಿಷ್ಟದ ಕಣಗಳು. ಅವುಗಳ ಸುತ್ತ ಪ್ರೋಟೀನ್ ತುಂಬಿದ ಸಣ್ಣ ಸಣ್ಣ ಚೀಲಗಳು. ಇದೆಲ್ಲದರ ಸುತ್ತ ಕೊಬ್ಬು ಮತ್ತು ಪ್ರೋಟೀನಿನಿಂದಾದ ತೆಳು ಪೊರೆ. ಪೊರೆಯ ಹೊರಗೆ ಕೋಶಭಿತ್ತಿ, ಅಂದರೆ ಗೋಡೆ. ನಮ್ಮ ನಿಮ್ಮ ಮೈಯ ಜೀವಕೋಶಕ್ಕೆ ಪೊರೆ ಮಾತ್ರ ಇದೆ, ಗೋಡೆ ಇಲ್ಲ. ಗಿಡಕ್ಕೆ ಎಲುಬಿಲ್ಲ, ಹಾಗಾಗಿ ಅದರ ಪ್ರತಿ ಜೀವಕೋಶವೂ ತನ್ನದೇ ಗೋಡೆ ಕಟ್ಟಿಕೊಳ್ಳುತ್ತದೆ. 1665ರಲ್ಲಿ ರಾಬರ್ಟ್ ಹುಕ್ ಬೆಂಡಿನ ಚೂರಿನಲ್ಲಿ ಕಂಡದ್ದೂ ಈ ಗೋಡೆಗಳನ್ನೇ. ಒಳಗಿನ ಜೀವ ಆಗಲೇ ಸತ್ತು ಹೋಗಿತ್ತು.

ಗೋಡೆಯ ಮುಖ್ಯ ಸಾಮಾನು ಸೆಲ್ಯುಲೋಸ್. ಅದೂ ಗ್ಲೂಕೋಸಿನ ಸರ, ಪಿಷ್ಟವೂ ಗ್ಲೂಕೋಸಿನ ಸರ. ಗ್ಲೂಕೋಸುಗಳನ್ನು ಜೋಡಿಸಿದ ರೀತಿ ಮಾತ್ರ ಬೇರೆ. ಅಷ್ಟೇ ವ್ಯತ್ಯಾಸಕ್ಕೆ ಜೋಳದ ರೊಟ್ಟಿ ನಮಗೆ, ಜೋಳದ ಕಣಕಿ ಎತ್ತಿಗೆ. ಸೆಲ್ಯುಲೋಸ್ ಬಿಡಿಸುವ ಕಿಣ್ವ ನಮ್ಮ ಹೊಟ್ಟೆಯಲ್ಲಿಲ್ಲ. ಎತ್ತಿನ ಹೊಟ್ಟೆಯ ಸೂಕ್ಷ್ಮಜೀವಿಗಳಲ್ಲಿ ಇದೆ. ಕುಕ್ಕರಿನ ಬಿಸಿಗೂ ಸೆಲ್ಯುಲೋಸ್ ಕರಗುವುದಿಲ್ಲ. ಅದಕ್ಕೇ ಬೆಂದ ಬೇಳೆಯಲ್ಲೂ ಜೀವಕೋಶಗಳು ಒಡೆಯದೆ ಉಳಿದಿದ್ದವು.

ಹಾಗಾದರೆ ಮೆತ್ತಗಾದದ್ದು ಯಾವುದು? ಒಂದು ಗೋಡೆಗೂ ಪಕ್ಕದ ಗೋಡೆಗೂ ನಡುವೆ ಗಾರೆಯಂತೆ ಒಂದು ಪದರ ಇದೆ. ಪುಸ್ತಕದಲ್ಲಿ ಅದಕ್ಕೆ ಮಧ್ಯ ಪಟಲ ಅನ್ನುತ್ತಾರೆ. ಅದು ಹೆಚ್ಚಾಗಿ ಪೆಕ್ಟಿನ್. ಪೇರಲ ಹಣ್ಣಿನ ಜೆಲ್ಲಿ ಗಟ್ಟಿಯಾಗುವುದು ಇದರಿಂದಲೇ. 1825ರಲ್ಲಿ ಫ್ರಾನ್ಸಿನ ಆನ್ರಿ ಬ್ರಾಕೊನೊ ಇದನ್ನು ಬೇರ್ಪಡಿಸಿ ತೆಗೆದರು. ಬೇಳೆ ಕುದಿಯುವಾಗ ಪೆಕ್ಟಿನ್ ಸರಗಳು ತುಂಡಾಗಿ ನೀರಿಗೆ ಕರಗುತ್ತವೆ. ಗಾರೆ ಕರಗಿದರೆ ಇಟ್ಟಿಗೆಗಳು ಬಿಡಿಯಾಗುತ್ತವೆ. ಕಡಗೋಲು ಆಡಿಸಿದ ಕೂಡಲೇ ಬೇಳೆ ಒಂದಾಗುವುದು ಹೀಗೆ.

ಈಗ ಕ್ಯಾಲ್ಸಿಯಂ ಬರಲಿ. ಪೆಕ್ಟಿನ್ ಸರದ ಉದ್ದಕ್ಕೂ ಆಮ್ಲದ ಗುಂಪುಗಳಿವೆ, ಅವುಗಳ ಮೇಲೆ ಋಣ ವಿದ್ಯುತ್ತು. ಕ್ಯಾಲ್ಸಿಯಂ ಅಯಾನಿಗೆ ಎರಡು ಧನ ವಿದ್ಯುತ್ತು, ಅಂದರೆ ಎರಡು ಕೈ. ಒಂದು ಕೈಯಲ್ಲಿ ಈ ಸರ, ಇನ್ನೊಂದು ಕೈಯಲ್ಲಿ ಪಕ್ಕದ ಸರ ಹಿಡಿದು ಬಿಗಿಯುತ್ತದೆ. ಹಾಗೆ ಬಿಗಿದ ಪೆಕ್ಟಿನ್ ನೀರಿಗೆ ಬಿಡುವುದಿಲ್ಲ. ಸೋಡಿಯಂಗೆ ಒಂದೇ ಕೈ. ಅದು ಒಂದು ಸರವನ್ನು ಮುಟ್ಟುತ್ತದೆ, ಎರಡನ್ನು ಕಟ್ಟಲಾರದು. ಬೋರಿನ ನೀರಿನಲ್ಲಿ ಆಗುತ್ತಿದ್ದದ್ದು ಇದೇ. ಬೇಳೆ ನೀರು ಕುಡಿಯುತ್ತಾ ಜೊತೆಗೆ ಕ್ಯಾಲ್ಸಿಯಂ ಅನ್ನೂ ಒಳಗೆ ಎಳೆದುಕೊಂಡು, ತನ್ನ ಗಾರೆಯನ್ನು ತಾನೇ ಗಟ್ಟಿ ಮಾಡಿಕೊಳ್ಳುತ್ತಿತ್ತು.

ಹಳೇ ಬೇಳೆಯ ಕಥೆಯಲ್ಲೂ ಕ್ಯಾಲ್ಸಿಯಂ ಇದೆ. ಆದರೆ ಅದು ಹೊರಗಿನಿಂದ ಬಂದದ್ದಲ್ಲ. ಬೀಜ ತನ್ನ ರಂಜಕವನ್ನು ಫೈಟಿಕ್ ಆಮ್ಲ ಎಂಬ ಅಣುವಿನಲ್ಲಿ ಕೂಡಿಡುತ್ತದೆ. ಆ ಅಣು ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ಬಿಗಿಯಾಗಿ ಹಿಡಿದಿರುತ್ತದೆ. ಕಾಳು ಬಿಸಿಯಲ್ಲಿ, ತೇವದಲ್ಲಿ ತಿಂಗಳುಗಟ್ಟಲೆ ಕೂತರೆ ಫೈಟೇಸ್ ಎಂಬ ಕಿಣ್ವ ಆ ಅಣುವನ್ನು ನಿಧಾನಕ್ಕೆ ಒಡೆಯುತ್ತದೆ. ಬಿಡುಗಡೆಯಾದ ಕ್ಯಾಲ್ಸಿಯಂ ಹೊರಳಿ ಹೋಗಿ ಸೇರುವುದು ಪೆಕ್ಟಿನ್ ಪದರಕ್ಕೆ. ಹಳೇ ಕಾಳು ಬೇಯದೇ ಇರುವುದಕ್ಕೆ ವಿಜ್ಞಾನಿಗಳು ಕೊಡುವ ಮುಖ್ಯ ವಿವರಣೆ ಇದು. ನಮ್ಮ ಬೇಸಿಗೆ ನಿಮಗೆ ಗೊತ್ತೇ ಇದೆ. 42, 43 ಡಿಗ್ರಿ ಇಲ್ಲಿ ದೊಡ್ಡ ಸುದ್ದಿಯಲ್ಲ. ತಗಡಿನ ಕೆಳಗೆ ಅದಕ್ಕಿಂತ ಜಾಸ್ತಿ. ಅದರ ಮೇಲೆ ಮಳೆಗಾಲದ ತೇವ. ಬೇಳೆ ಗಡಸಾಗಲು ಇದಕ್ಕಿಂತ ಒಳ್ಳೆಯ ಜಾಗ ಬೇಡ.

ಪುಂಡಿ ಪಲ್ಯದ ದಿನ

ಒಂದು ವಿಷಯ ಇನ್ನೂ ಬಗೆಹರಿದಿರಲಿಲ್ಲ. ಅಕ್ಕ ಹೇಳಿದ್ದರು: "ಪುಂಡಿ ಹಾಕಿದ ದಿನಾ ಅಂತೂ ಪೂರಾ ಕಲ್ಲು ಆಗ್ತದ್ರಿ." ಮೊದಲು ನಾನು ಇದಕ್ಕೆ ಗಮನ ಕೊಟ್ಟಿರಲಿಲ್ಲ. ತಪ್ಪು ನನ್ನದು. ನನ್ನ ನಾಲ್ಕು ಡಬ್ಬಿಯಲ್ಲಿ ಎಲ್ಲೂ ಹುಳಿ ಇರಲಿಲ್ಲ.

ಮುಂದಿನ ಭಾನುವಾರ ಎರಡು ಡಬ್ಬಿ ಇಟ್ಟೆವು. ಎರಡರಲ್ಲೂ ಹೊಸ ಬೇಳೆ, ನಲ್ಲಿ ನೀರು. ಒಂದಕ್ಕೆ ಮೊದಲೇ ಪುಂಡಿ ಸೊಪ್ಪು ಹಾಕಿದೆವು. ಅದೇ ನಾಲ್ಕು ಸೀಟಿಗೆ ಸೊಪ್ಪಿಲ್ಲದ್ದು ಪೂರ್ತಿ ಬೆಂದಿತು. ಸೊಪ್ಪು ಹಾಕಿದ್ದರಲ್ಲಿ ಇಪ್ಪತ್ತಕ್ಕೆ ಒಂಬತ್ತು ಕಾಳು ಮಾತ್ರ ಮೆತ್ತಗಾದವು. ಪುಂಡಿಯಲ್ಲಿ ಆಮ್ಲ ಜಾಸ್ತಿ. ನೀರು ಸಪ್ಪೆ ಇದ್ದಾಗ ಪೆಕ್ಟಿನ್ ಸರ ಬಿಸಿಗೆ ಬೇಗ ತುಂಡಾಗುತ್ತದೆ. ಸ್ವಲ್ಪ ಹುಳಿ ಇದ್ದರೆ ಆ ಕೆಲಸ ಬಹಳ ನಿಧಾನವಾಗುತ್ತದೆ. ಹುಣಸೆ, ಟೊಮೆಟೊಗೂ ಇದೇ ಮಾತು. ಬೇಳೆ ಬೆಂದ ಮೇಲೆ ಹುಳಿ ಹಾಕಬೇಕು ಅನ್ನುವ ಅಡುಗೆಮನೆಯ ರೂಢಿ ಸುಮ್ನೆ ಬಂದದ್ದಲ್ಲ. ನಲ್ಲಿ ನೀರು, ಹೊಸ ಬೇಳೆ ಇದ್ದಾಗ ಅಕ್ಕ ಪುಂಡಿಯನ್ನು ಮೊದಲೇ ಹಾಕಿದರೂ ಒಂದೆರಡು ಸೀಟಿ ಹೆಚ್ಚಿಗೆ ಹೊಡೆಸಿ ದಾಟಿಸಿಬಿಡುತ್ತಿದ್ದರು. ಈಗ ಮೂರೂ ಸೇರಿ ಕೂತಿದ್ದವು.

ಸೋಡಾ ಹಾಕಿ ಮುಗಿಸಿಬಿಡಬಹುದಿತ್ತು. ಅತ್ತೆ ಹೇಳಿದ್ದೂ ಅದನ್ನೇ. ಸೋಡಾ ಕೆಲಸ ಮಾಡುತ್ತದೆ, ಅದರಲ್ಲಿ ಸಂಶಯವಿಲ್ಲ. ಅದು ನೀರನ್ನು ಕ್ಷಾರ ಮಾಡಿ ಪೆಕ್ಟಿನ್ ಬೇಗ ಒಡೆಯುತ್ತದೆ, ಸೋಡಿಯಂ ಬೇರೆ ಕೊಡುತ್ತದೆ. ಆದರೆ ಕ್ಷಾರದಲ್ಲಿ ಬಿಸಿಯಾದರೆ ಬಿ1 ಜೀವಸತ್ವ ಹಾಳಾಗುತ್ತದೆ. ಆ ಖಾನಾವಳಿಯಲ್ಲಿ ಊಟ ಮಾಡುವವರು ಹೆಚ್ಚಾಗಿ ಕಲ್ಲಿನ ಗಣಿಯ ಕೂಲಿಯವರು, ಲಾರಿಯವರು. ಅವರಿಗೆ ಬೇಳೆಯೇ ದಿನದ ಮುಖ್ಯ ಪ್ರೋಟೀನ್. ನೂರು ಗ್ರಾಂ ತೊಗರಿಬೇಳೆಯಲ್ಲಿ ಸುಮಾರು 22 ಗ್ರಾಂ ಪ್ರೋಟೀನ್ ಇದೆ. ಜೋಳದ ಪ್ರೋಟೀನಿನಲ್ಲಿ ಲೈಸಿನ್ ಎಂಬ ಅಮೈನೋ ಆಮ್ಲ ಕಡಿಮೆ, ಬೇಳೆಯಲ್ಲಿ ಅದು ಧಾರಾಳ. ಬೇಳೆಯಲ್ಲಿ ಕಡಿಮೆ ಇರುವ ಮಿಥಿಯೋನಿನ್ ಅನ್ನು ಜೋಳ ಸ್ವಲ್ಪ ಮಟ್ಟಿಗೆ ತುಂಬಿಕೊಡುತ್ತದೆ. ರೊಟ್ಟಿ, ಬೇಳೆ ಒಂದೇ ತಟ್ಟೆಯಲ್ಲಿ ಕೂತಿರುವುದು ಬಹಳ ಒಳ್ಳೆಯ ಜೋಡಿ. ಆ ತಟ್ಟೆಯಿಂದ ಏನನ್ನಾದರೂ ಕಳೆಯುವ ದಾರಿ ನನಗೆ ಇಷ್ಟವಾಗಲಿಲ್ಲ.

ಕೊನೆಗೆ ಮಾಡಿದ್ದು ಇಷ್ಟು. ರಾತ್ರಿಯೇ ಬೋರಿನ ನೀರನ್ನು ದೊಡ್ಡ ಪಾತ್ರೆಯಲ್ಲಿ ಚೆನ್ನಾಗಿ ಕುದಿಸಿ ಮುಚ್ಚಿಡುವುದು. ಕುದಿಸಿದಾಗ ನೀರಿನಲ್ಲಿ ಕರಗಿದ ಕ್ಯಾಲ್ಸಿಯಂ ಬೈಕಾರ್ಬನೇಟ್ ಮತ್ತೆ ಸುಣ್ಣದ ಕಲ್ಲಾಗಿ ತಳಕ್ಕೆ ಕೂರುತ್ತದೆ. ಪಾತ್ರೆಯ ತಳದ ಬಿಳಿ ಪೊರೆ ಅದೇ. ಬೆಳಿಗ್ಗೆ ಮೇಲಿನ ತಿಳಿ ನೀರನ್ನು ಮಾತ್ರ ಬಸಿದುಕೊಂಡು, ಅದರಲ್ಲಿ ಸ್ವಲ್ಪ ಉಪ್ಪು ಹಾಕಿ ಬೇಳೆಯನ್ನು ಒಂದು ತಾಸು ನೆನೆಸುವುದು. ಉಪ್ಪು ಹಾಕಿದರೆ ಬೇಳೆ ಬೇಯುವುದಿಲ್ಲ ಅಂತ ಅತ್ತೆ ಒಪ್ಪಲಿಲ್ಲ. ಅವರ ಎದುರೇ ಮಾಡಿ ತೋರಿಸಬೇಕಾಯಿತು. ಉಪ್ಪಿನ ಸೋಡಿಯಂ ನೆನೆಯುವ ಹೊತ್ತಿನಲ್ಲೇ ಪೆಕ್ಟಿನ್ನಿನ ಕ್ಯಾಲ್ಸಿಯಂ ಜಾಗವನ್ನು ಸ್ವಲ್ಪ ಸ್ವಲ್ಪ ಹಿಡಿಯುತ್ತದೆ. ಆ ನೀರು ಚೆಲ್ಲಿ, ಮತ್ತೆ ತಿಳಿ ನೀರಲ್ಲೇ ಬೇಯಿಸುವುದು. ಪುಂಡಿ, ಹುಣಸೆ ಏನಿದ್ದರೂ ಕುಕ್ಕರ್ ತೆಗೆದ ಮೇಲೆ.

ಕುದಿಸಿ ಆರಿಸಿದ ನೀರಿಗೆ ಸಾಬೂನಿನ ಹನಿ ಮೂವತ್ತೊಂದರಿಂದ ಹದಿನಾಲ್ಕಕ್ಕೆ ಇಳಿಯಿತು. ಪೂರ್ತಿ ಒಂಬತ್ತಕ್ಕೆ ಬರಲಿಲ್ಲ, ಯಾಕೆಂದರೆ ಕುದಿಸಿದರೂ ಹೋಗದ ಗಡಸುತನವೂ ಆ ನೀರಿನಲ್ಲಿದೆ. ಹೊಸ ಬೇಳೆ ಐದು ಸೀಟಿಗೆ ಬೆಂದಿತು. ಹಳೆಯದು ಆರಕ್ಕೆ. ನೀರು ಕುದಿಸಲು ಗ್ಯಾಸ್ ಹಾಕಿದರೆ ಉಳಿತಾಯ ಅಲ್ಲಿಗೇ ಹೋಗುತ್ತದೆ ಅಂತ ಅಕ್ಕನೇ ಲೆಕ್ಕ ಹಾಕಿ, ಹಿತ್ತಲಿನ ಕಟ್ಟಿಗೆ ಒಲೆಗೆ ಪಾತ್ರೆ ಏರಿಸಿದರು.

ಅಂಗಡಿಯವರ ಜೊತೆ ಜಗಳ ಆಗಲಿಲ್ಲ. ಕಲಬುರಗಿ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಿಕೆ ಸಿಕ್ಕಿದೆ. ಆ ಹೆಸರು ಉಳಿಯಬೇಕಾದರೆ ಗೋದಾಮಿನ ತಗಡಿನ ಬಗ್ಗೆಯೂ ಯಾರಾದರೂ ಯೋಚಿಸಬೇಕು ಅಂತ ನನಗೆ ಅನ್ನಿಸುತ್ತದೆ. ಆ ಮಾತನ್ನು ಅವರಿಗೇ ಹೇಳಿದೆ. ಮುಂದಿನ ಚೀಲ ಹೊಸ ಸುಗ್ಗಿಯದ್ದೇ ಕೊಟ್ಟರು.

ಹಳೇ ಚೀಲದಲ್ಲಿ ಅರ್ಧ ಉಳಿದಿತ್ತು. ಅದಕ್ಕೆ ದಾರಿ ಹುಡುಕಿದ್ದು ಹುಡುಗಿ. "ಗೋಡಿ ಬಿಡವಲ್ದು ಅಂದ್ರ ಗೋಡಿನೇ ಒಡ್ಯೂಣು ಅಲ್ರಿ" ಅಂದು, ಬೇಳೆಯನ್ನು ಗಿರಣಿಗೆ ಹೊತ್ತು ನುಣ್ಣಗೆ ಹಿಟ್ಟು ಮಾಡಿಸಿಕೊಂಡು ಬಂದಳು. ಒಂದು ಚಿಟಿಕೆ ನಾನು ಕಾಲೇಜಿಗೆ ಒಯ್ದೆ. ಅಯೋಡಿನ್ ಹಾಕಿ ನೋಡಿದರೆ, ಒಡೆದ ಗೋಡೆಯ ಚೂರುಗಳ ನಡುವೆ ಪಿಷ್ಟದ ಕಣಗಳು ಚೀಲ ಹರಿದ ಜೋಳದಂತೆ ಹರಡಿ ಬಿದ್ದಿದ್ದವು. ಆ ಹಿಟ್ಟಿನಲ್ಲಿ ಅವಳು ಮಾಡಿದ ಜುಣಕ ಹತ್ತು ನಿಮಿಷಕ್ಕೆ ಬೆಂದಿತ್ತು.